ಹೆಣ್ಣುಮಕ್ಕಳು ಮಾಡಿದ ಸಿನಿಮಾ ನಮ್ಮೂರಿಗೆ ಯಾಕೆ ಬರಲ್ಲ? ಚಿತ್ರೋತ್ಸವದ ಲೆಕ್ಕ ಏನು?

ಬೂದಿಕೋಟೆ: ಕೆಜಿಎಫ್ ಅಂದ ಕೂಡಲೇ ಹೊರಗಿನವರಿಗೆ ಈಗ ನೆನಪಾಗೋದು ಯಶ್ ಸಿನಿಮಾ. 2018ರಲ್ಲಿ ಮೊದಲ ಭಾಗ, 2022ರಲ್ಲಿ ಎರಡನೇ ಭಾಗ ಬಂದು ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯ್ತು. ಆದರೆ 2001ರಲ್ಲಿ ಗಣಿ ಮುಚ್ಚಿದ ಮೇಲೆ ದಿನಾ ಮುಂಜಾನೆ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿಬರುವ ಹೆಣ್ಣುಮಕ್ಕಳ ಕಥೆ ಅದರಲ್ಲಿಲ್ಲ. ಅಂಥ ಬದುಕಿನ ಕಥೆ ಹೇಳುವ ಸಿನಿಮಾಗಳು, ಅದರಲ್ಲೂ ಮಹಿಳೆಯರೇ ನಿರ್ದೇಶಿಸಿದವು, ಜನರನ್ನು ತಲುಪೋದು ಹೆಚ್ಚಾಗಿ ಚಿತ್ರೋತ್ಸವಗಳ ಮೂಲಕ.

ಟಾಕೀಸಿಗೆ ಬರೋದು ಕಷ್ಟ ಯಾಕೆ?

ಅಂಗಡಿ ಇಟ್ಟವರಿಗೆ ಈ ಲೆಕ್ಕ ಗೊತ್ತಿರುವಂಥದ್ದೇ. ಓಡುವ ಮಾಲಿಗೇ ಮುಂದಿನ ಜಾಗ. ದೊಡ್ಡ ಹೀರೋ ಸಿನಿಮಾ ಬಂದ ವಾರ ಎಲ್ಲಾ ಆಟಗಳೂ ಅದಕ್ಕೇ. ಸಣ್ಣ ಸಿನಿಮಾಗೆ ಸಿಕ್ಕರೆ ಒಂದು ಆಟ, ಅದೂ ಜನರ ಕಿವಿಗೆ ಬೀಳುವ ಹೊತ್ತಿಗೆ ತೆಗೆದಿರ್ತಾರೆ. ನೋಡುವವರು ಸಿಗದಿದ್ದರೆ ಆ ನಿರ್ದೇಶಕಿಯ ಮುಂದಿನ ಸಿನಿಮಾಗೆ ದುಡ್ಡು ಹಾಕುವವರೂ ಸಿಗಲ್ಲ.

ಹಾಗಂತ ಕನ್ನಡದಲ್ಲಿ ನಿರ್ದೇಶಕಿಯರು ಇಲ್ಲ ಅಂತಲ್ಲ. ಎಂ.ಕೆ. ಇಂದಿರಾ ಅವರ ಕಾದಂಬರಿ ಆಧರಿಸಿ ಪ್ರೇಮಾ ಕಾರಂತರು ಮಾಡಿದ ‘ಫಣಿಯಮ್ಮ’ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಆಮೇಲೆ ಕವಿತಾ ಲಂಕೇಶ್ ‘ದೇವೀರಿ’, ಸುಮನಾ ಕಿತ್ತೂರು ‘ಕಿರಗೂರಿನ ಗಯ್ಯಾಳಿಗಳು’ (2016), ಚಂಪಾ ಶೆಟ್ಟಿ ‘ಅಮ್ಮಚ್ಚಿಯೆಂಬ ನೆನಪು’ (2018), ರೂಪಾ ರಾವ್ ‘ಗಂಟುಮೂಟೆ’ (2019) ಮಾಡಿದರು.

ನಮ್ಮ ಜಿಲ್ಲೆಯ ಹೆಣ್ಣುಮಗಳೂ ಈ ಸಾಲಿಗೆ ಹತ್ತಿರದವರು. ಮುಳಬಾಗಿಲಿನ ಸೌಂದರ್ಯ ಅವರನ್ನು ನಟಿ ಅಂತಲೇ ಎಲ್ಲರೂ ಬಲ್ಲರು. ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ ‘ದ್ವೀಪ’ಕ್ಕೆ (2002) ಅವರೇ ನಿರ್ಮಾಪಕಿ. ಅಣೆಕಟ್ಟೆಯಿಂದ ಮುಳುಗುವ ಊರಿನ ಆ ಕಥೆಗೆ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ, ಅಂದರೆ ಸ್ವರ್ಣಕಮಲ, ಬಂತು.

ಉತ್ಸವದಿಂದ ಏನು ಸಿಗುತ್ತೆ?

ಚಿತ್ರೋತ್ಸವ ಅಂದ್ರೆ ಒಂಥರಾ ಸಂತೆ. ನೋಡುವವರು, ಬರೆಯುವವರು, ಬೇರೆ ಉತ್ಸವಕ್ಕೆ ಆರಿಸುವವರು, ಟಿವಿ-ಒಟಿಟಿಗೆ ಕೊಳ್ಳುವವರು ಒಂದೇ ಕಡೆ ಸೇರ್ತಾರೆ. ಅಸ್ಸಾಮಿನ ರೀಮಾ ದಾಸ್ ತಮ್ಮ ಹಳ್ಳಿಯಲ್ಲೇ, ಕ್ಯಾಮೆರಾ, ಸಂಕಲನ ಎಲ್ಲ ತಾವೇ ನಿಭಾಯಿಸಿ ‘ವಿಲೇಜ್ ರಾಕ್‌ಸ್ಟಾರ್ಸ್’ ಮಾಡಿದರು. ಗಿಟಾರ್ ಬೇಕೆಂದು ಆಸೆಪಡುವ ಬಡ ಹುಡುಗಿಯ ಕಥೆ. 2017ರಲ್ಲಿ ಟೊರೊಂಟೊ ಉತ್ಸವದಲ್ಲಿ ತೋರಿಸಿದರು. ಮುಂದೆ ಸ್ವರ್ಣಕಮಲ ಬಂತು, ಭಾರತದಿಂದ ಆಸ್ಕರ್‌ಗೂ ಹೋಯಿತು. 2024ರಲ್ಲಿ ಪಾಯಲ್ ಕಪಾಡಿಯಾ ಅವರ ಚಿತ್ರ ಕಾನ್ ಉತ್ಸವದಲ್ಲಿ ಗ್ರ್ಯಾಂಡ್ ಪ್ರಿ ಗೆದ್ದಿತು. ಅದು ಮುಂಬೈಯಲ್ಲಿ ದುಡಿಯುವ ಮಲಯಾಳಿ ನರ್ಸ್‌ಗಳ ಕಥೆ.

ಮಹಿಳೆಯರ ಸಿನಿಮಾಗಳಿಗೆಂದೇ ಉತ್ಸವಗಳಿವೆ. ಫ್ರಾನ್ಸಿನಲ್ಲಿ 1979ರಲ್ಲಿ ಶುರುವಾಯಿತು, ದೆಹಲಿಯಲ್ಲಿ 2005ರಲ್ಲಿ. ಕೇರಳ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಹಿಳಾ ನಿರ್ದೇಶಕರ ಚಿತ್ರಕ್ಕೆ 1.5 ಕೋಟಿ ರೂಪಾಯಿವರೆಗೆ ಕೊಡುವ ಯೋಜನೆ ತಂತು.

ನಮಗೆ ಹತ್ತಿರದ್ದು ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ. ಹೆಸರು ನೋಂದಾಯಿಸಿ ಪಾಸ್ ಪಡೆದರೆ ನೋಡಬಹುದು. ಆದರೆ ಬೂದಿಕೋಟೆಯಿಂದ ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ರೈಲು, ಆಮೇಲೆ ಮೆಟ್ರೋ ಅಥವಾ ಆಟೋ ಅಂದ್ರೆ ಒಂದು ದಿನದ ಕೂಲಿ ಹೋದಂಗೆ. ಮನೆ ಬಿಟ್ಟು ಹೊರಡೋದು ಹೆಂಗಸರಿಗೆ ಇನ್ನೂ ಕಷ್ಟ.

ತಾಲ್ಲೂಕಲ್ಲೇ ತೋರಿಸಬಹುದಾ?

ಖಂಡಿತ. ಕಾಲೇಜು, ಮಹಿಳಾ ಸಂಘ, ಗ್ರಂಥಾಲಯ ಸೇರಿದರೆ ಎರಡು ದಿನದ ಪ್ರದರ್ಶನ ದೊಡ್ಡ ಕೆಲಸವೇನಲ್ಲ. ಈ ನಾಲ್ಕು ವಿಷಯ ನೋಡಿಕೊಳ್ಳಬೇಕು:

• ಚಿತ್ರದ ಹಕ್ಕು ಯಾರ ಹತ್ತಿರ ಇದೆಯೋ ಅವರಿಂದ ಲಿಖಿತ ಒಪ್ಪಿಗೆ. ಮನೆಗೆ ಹಾಕಿಸಿಕೊಂಡ ಒಟಿಟಿ ಖಾತೆಯಿಂದ ಊರಿಗೆಲ್ಲ ತೋರಿಸುವ ಹಾಗಿಲ್ಲ, ಟಿಕೆಟ್ ಇಲ್ಲದಿದ್ದರೂ ಸರಿ.
• ಸೆನ್ಸಾರ್ ಪ್ರಮಾಣಪತ್ರ ಇರುವ ಚಿತ್ರವನ್ನೇ ಆರಿಸೋದು ಸುಲಭ. ಇಲ್ಲದ ಚಿತ್ರವಾದರೆ ಕೇಂದ್ರ ವಾರ್ತಾ ಇಲಾಖೆಯ ವಿನಾಯಿತಿ ಬೇಕು.
• ಜಾಗಕ್ಕೆ ಯಾವ ಅನುಮತಿ ಬೇಕು ಅಂತ ಜಿಲ್ಲಾಡಳಿತದಲ್ಲಿ ಮುಂಚೆಯೇ ವಿಚಾರಿಸಿ.
• ಇಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವವರೆಲ್ಲ ಇದ್ದಾರೆ. ಆಟಕ್ಕೆ ಮುಂಚೆ ಎರಡು ನಿಮಿಷ ಕಥೆ ಹೇಳಿದರೆ ಎಲ್ಲರೂ ಕೂತು ನೋಡ್ತಾರೆ.

ಹೊತ್ತೂ ಮುಖ್ಯ. ರಾತ್ರಿ ಆಟ ಇಟ್ಟರೆ ಹೆಂಗಸರು ಬರೋದು ಕಮ್ಮಿ, ಭಾನುವಾರ ಮಧ್ಯಾಹ್ನವಾದರೆ ಅನುಕೂಲ. ಇನ್ನೂರು ಜನ ಸೇರಿದರೆ ಟೀ, ಪಾನಿಪುರಿ, ಆಟೋದವರಿಗೂ ಎರಡು ಕಾಸು. ಅಂಗಡಿಯವರು ಪರದೆ, ಸ್ಪೀಕರ್ ಬಾಡಿಗೆಗೆ ಕೈ ಜೋಡಿಸಿದರೆ ಟಿಕೆಟ್ ಇಡದೆಯೇ ನಡೆಸಬಹುದು.

ಗಣಿ ಕಾಲೊನಿಯಲ್ಲಿ, ಹೊಲದಲ್ಲಿ, ರೈಲಿನಲ್ಲಿ ದಿನ ಕಳೆಯುವ ನಮ್ಮ ಹೆಣ್ಣುಮಕ್ಕಳ ಹತ್ತಿರ ಕಥೆಗಳಿಗೇನೂ ಬರ ಇಲ್ಲ. ಹಳ್ಳಿಯಲ್ಲೇ ಕೂತು ಒಬ್ಬಳು ಸಿನಿಮಾ ಮಾಡಿದ್ದಾಳೆ ಅಂತ ಪಿಯುಸಿ ಓದುವ ಹುಡುಗಿ ಕಣ್ಣಾರೆ ಕಂಡರೆ, ಕೈಯಲ್ಲಿರುವ ಮೊಬೈಲನ್ನು ಅವಳು ನೋಡುವ ರೀತಿಯೇ ಬೇರೆ ಆಗಬಹುದು.