ಹಳೆ ಕಾರಿನಲ್ಲಿ ಆಯಿಲ್ ಸೋರುವುದು ಸಹಜವೇ? ಹನಿ ಬಿದ್ದ ಜಾಗವೇ ಸೋರಿಕೆಯ ಜಾಗವಲ್ಲ!

"ಹಳೆ ಕಾರು ಅಂದ ಮೇಲೆ ಆಯಿಲ್ ಸೋರಲೇಬೇಕು. ಸೋರುವುದು ನಿಂತರೆ ಒಳಗೆ ಆಯಿಲ್ ಖಾಲಿ ಅಂತ ಅರ್ಥ." ಕ್ಲಾಸಿಕ್ ಕಾರು ಪ್ರಿಯರ ಈ ಜೋಕ್ ಅರ್ಧ ನಿಜ. ಪೂರ್ತಿ ನಂಬಿ ಅನಮೋಡ ಘಾಟ್ ಹತ್ತಲು ಹೊರಟರೆ ಮಾತ್ರ ಕಷ್ಟ.

ಯಾವುದು ನಿಜ?

1955ರಲ್ಲಿ ಬಂದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಎಯಲ್ಲಿದ್ದುದು 1489 ಸಿಸಿಯ ಬಿಎಂಸಿ ಬಿ-ಸೀರೀಸ್ ಎಂಜಿನ್. ನಮ್ಮ ಅಂಬಾಸಿಡರ್‌ಗೂ ಬಂದದ್ದು ಇದೇ ಕುಟುಂಬದ ಎಂಜಿನ್. ಇದರ ಕ್ರ್ಯಾಂಕ್‌ಶಾಫ್ಟ್‌ನ ಹಿಂತುದಿಯಲ್ಲಿ ಇಂದಿನಂತೆ ರಬ್ಬರ್ ಸೀಲ್ ಇರಲಿಲ್ಲ. ಶಾಫ್ಟ್ ಮೇಲೆ ಕೊರೆದ ಸ್ಕ್ರೂನಂಥ ಗೆರೆಗಳು, ಅದು ತಿರುಗುವಾಗ ಆಯಿಲ್ಲನ್ನು ಒಳಕ್ಕೆ ತಳ್ಳುತ್ತಿದ್ದವು. ಎಂಜಿನ್ ನಿಂತಾಗ ತಳ್ಳುವವರಿಲ್ಲ. ಹಾಗಾಗಿ ನಾಲ್ಕಾರು ಹನಿ ಹೊರಬರುವುದುಂಟು. ಅದಕ್ಕಿಂತ ಹೆಚ್ಚು ಸೋರಿದರೆ ಅದು ದೋಷವೇ.

ಪತ್ತೆ ಹಚ್ಚುವುದು ಹೇಗೆ?

ಆಯಿಲ್ ಕೆಳಕ್ಕೆ ಇಳಿಯುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ದೂಡುತ್ತದೆ. ಆದ್ದರಿಂದ ಹನಿ ಬಿದ್ದ ಜಾಗವನ್ನಲ್ಲ, ಒದ್ದೆಯಾದ ಭಾಗಗಳಲ್ಲಿ ಅತಿ ಮೇಲಿನ ಮತ್ತು ಅತಿ ಮುಂದಿನ ಜಾಗವನ್ನು ಹುಡುಕಬೇಕು.

1. ರಾತ್ರಿ ಕಾರಿನಡಿ ರಟ್ಟು ಹಾಸಿ. ಕಪ್ಪು ಅಥವಾ ಕಂದು ಹನಿ ಎಂಜಿನ್ ಆಯಿಲ್ ಇರಬಹುದು. ಹಸಿರು ನೀರಿನಂತಿದ್ದರೆ ಕೂಲಂಟ್. ಚಕ್ರದ ಬಳಿ ತೆಳು ಜಿಡ್ಡು ಕಂಡರೆ ಬ್ರೇಕ್ ಆಯಿಲ್ ಇರಬಹುದು, ಗಾಡಿ ಓಡಿಸಬೇಡಿ.
2. ತಣ್ಣಗಿರುವ ಎಂಜಿನ್ನನ್ನು ಡಿಗ್ರೀಸರ್‌ನಿಂದ ತೊಳೆದು ಒಣಗಿಸಿ.
3. ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಹದಿನೈದು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ. ಪೌಡರ್ ಮೊದಲು ಒದ್ದೆಯಾದಲ್ಲಿ ಸೋರಿಕೆಯಿದೆ.
4. ರಾಕರ್ ಕವರ್, ಟ್ಯಾಪೆಟ್ ಕವರ್, ಆಯಿಲ್ ಫಿಲ್ಟರ್, ಟೈಮಿಂಗ್ ಕವರ್, ಸಂಪ್ ಗ್ಯಾಸ್ಕೆಟ್ ಹೀಗೆ ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ.

ಎಂಜಿನ್ ಬಿಚ್ಚಿಸುವ ಮುನ್ನ ಬ್ರೀದರ್ ಪೈಪ್ ನೋಡಿ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚಿ, ಸರಿಯಿರುವ ಸೀಲ್‌ನಿಂದಲೂ ಆಯಿಲ್ ಹೊರಬರುತ್ತದೆ. ಪೈಪ್ ಸ್ವಚ್ಛ ಮಾಡಿದರೇ ಎಷ್ಟೋ ಸಲ ಸೋರಿಕೆ ಕಡಿಮೆಯಾಗುತ್ತದೆ.

ದಪ್ಪ ಆಯಿಲ್ ಹಾಕಿದರೆ ನಿಲ್ಲುತ್ತದೆಯೇ?

ಇಲ್ಲ. ಸೋರುವ ವೇಗ ತುಸು ತಗ್ಗಬಹುದು, ಆದರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಆಯಿಲ್ ಎಲ್ಲೆಡೆ ತಲುಪುವುದು ತಡವಾಗುತ್ತದೆ. ಸೋರಿಕೆ ನಿಲ್ಲಿಸುವ ಲಿಕ್ವಿಡ್‌ಗಳು ಗಟ್ಟಿಯಾದ ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸಬಹುದು. ಹರಿದ ಗ್ಯಾಸ್ಕೆಟ್ ಕೂಡಿಸಲಾರವು. ಬೋಲ್ಟ್ ಅತಿಯಾಗಿ ಬಿಗಿದರೆ ಕವರ್ ಬಾಗಿ ಸೋರಿಕೆ ಹೆಚ್ಚುತ್ತದೆ.

ಘಾಟ್‌ನಲ್ಲಿ ಅಪಾಯವೇನು?

ಗೋವಾದ ಮೊಲ್ಲೆಂನಿಂದ ಜೋಯಿಡಾ ತಾಲೂಕಿನ ಅನಮೋಡಕ್ಕೆ ಕಾಡಿನ ನಡುವೆ ಏರುವ ದಾರಿಯಲ್ಲಿ ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾಗುತ್ತದೆ, ಸೋರಿಕೆ ಹೆಚ್ಚುತ್ತದೆ. ಆಯಿಲ್ ಕ್ಲಚ್‌ಗೆ ತಗುಲಿದರೆ ಏರಿನಲ್ಲಿ ಕ್ಲಚ್ ಜಾರುತ್ತದೆ. ಕಾದ ಸೈಲೆನ್ಸರ್ ಪೈಪ್ ಮೇಲೆ ಬಿದ್ದರೆ ಹೊಗೆ, ಬೆಂಕಿಯ ಭಯ.

ಹೊರಡುವ ಮುನ್ನ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಿ. ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ದಾರಿಯಲ್ಲಿ ಆಯಿಲ್ ಪ್ರೆಶರ್ ದೀಪ ಹೊತ್ತಿದರೆ ಅಥವಾ ಮುಳ್ಳು ಕುಸಿದರೆ, "ಮುಂದಿನ ಊರವರೆಗೆ ಹೋಗೋಣ" ಎನ್ನಬೇಡಿ. ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ.