ಒಡಲೊಳಗಿನ ತುಕ್ಕು

ಹೆಚ್ಚಿಟ್ಟ ಬದನೆಕಾಯಿಯು ಸ್ವಲ್ಪ ಹೊತ್ತಿನಲ್ಲಿಯೇ ಕಪ್ಪಾಗುವುದನ್ನೂ, ಮಳೆಯಲ್ಲಿ ನೆನೆದ ನೇಗಿಲ ಕುಳವು ತುಕ್ಕು ಹಿಡಿಯುವುದನ್ನೂ ನೋಡದವರು ವಿರಳ. ಈ ಎರಡೂ ಕಾರ್ಯಗಳ ಹಿಂದಿರುವುದು ಗಾಳಿಯಲ್ಲಿನ ಆಮ್ಲಜನಕ. ಪ್ರಾಣಿಗಳಿಗೆ ಜೀವಾಧಾರವಾದ ಈ ವಾಯುವು ವಸ್ತುಗಳನ್ನು ಕೆಡಿಸುವ ಶಕ್ತಿಯನ್ನೂ ಪಡೆದಿದೆ. ಈ ಕ್ರಿಯೆಗೆ ಉತ್ಕರ್ಷಣ ಎಂದು ಹೆಸರು. ಜೀವಿಗಳ ಒಡಲೊಳಗೂ ಅದು ಎಡೆಬಿಡದೆ ನಡೆಯುತ್ತಿರುತ್ತದೆ.

ಜೀವಕೋಶವು ಆಹಾರವನ್ನು ಆಮ್ಲಜನಕದ ನೆರವಿನಿಂದ ದಹಿಸಿ ಶಕ್ತಿಯನ್ನು ಪಡೆಯುತ್ತದೆ. ಆಗ ಆಮ್ಲಜನಕದ ಅಲ್ಪಾಂಶವು ಪೂರ್ತಿಯಾಗಿ ನೀರಾಗಿ ಮಾರ್ಪಡದೆ, ಜೋಡಿ ತಪ್ಪಿದ ಎಲೆಕ್ಟ್ರಾನನ್ನು ಹೊತ್ತ ಉಗ್ರರೂಪವನ್ನು ತಾಳುತ್ತದೆ. ಉರಿಯುವ ಒಲೆಯಿಂದ ಸಿಡಿಯುವ ಕಿಡಿಗಳಿಗೆ ಇಂತಹ ಕಣಗಳನ್ನು ಹೋಲಿಸಬಹುದು. ಅವು ನೆರೆಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಸಿದುಕೊಳ್ಳುತ್ತವೆ. ಕಳೆದುಕೊಂಡ ಅಣುವು ತನ್ನ ನೆರೆಯದರ ಮೇಲೆ ಎರಗುತ್ತದೆ. ಹೀಗೆ ಜೀವಕೋಶದ ಪೊರೆಯಲ್ಲಿರುವ ಕೊಬ್ಬು ಕಮಟು ಹಿಡಿಯುತ್ತದೆ, ಪ್ರೋಟೀನುಗಳು ಕೆಡುತ್ತವೆ. ಇದನ್ನು ತಡೆಯಲು ದೇಹದಲ್ಲಿ ಕಾವಲಿನ ಏರ್ಪಾಡಿದೆ. ಗಂಧಕದ ಪರಮಾಣುವುಳ್ಳ ಗ್ಲುಟಥಯೋನ್ ಎಂಬ ಪುಟ್ಟ ಅಣುವು ಆ ಕಾವಲುಗಾರರಲ್ಲಿ ಮುಖ್ಯವಾದುದು. ತನ್ನ ಎಲೆಕ್ಟ್ರಾನನ್ನು ತಾನೇ ಕೊಟ್ಟು ಅದು ಕಿಡಿಗಳನ್ನು ನಂದಿಸುತ್ತದೆ. ಕಿಡಿಗಳು ಹೆಚ್ಚಿ, ಕಾವಲು ಕುಗ್ಗಿದಾಗ ಉಂಟಾಗುವ ಸ್ಥಿತಿಯೇ ಉತ್ಕರ್ಷಣ ಒತ್ತಡ. ಕೆಲವು ಲೋಹಗಳು ಈ ಸ್ಥಿತಿಯನ್ನು ತಂದೊಡ್ಡುತ್ತವೆ. ಅವುಗಳಲ್ಲಿ ಸೀಸದ ಕಥೆ ಬಹು ದೀರ್ಘವಾದುದು.

ಸೀಸವು ಮೃದುವಾದ ಲೋಹ. 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕರಗುತ್ತದೆ. ಪ್ರಾಚೀನ ರೋಮನರು ಅದರಿಂದ ನೀರಿನ ಕೊಳವೆಗಳನ್ನು ಮಾಡಿದರು. ದ್ರಾಕ್ಷಾರಸವನ್ನು ಸೀಸದ ಪಾತ್ರೆಗಳಲ್ಲಿ ಕಾಯಿಸಿ ಗಟ್ಟಿಮಾಡಿದರು. ಹುಳಿಯೊಡನೆ ಸೇರಿದ ಸೀಸವು ಸಿಹಿಯಾದ ಲವಣವಾಗುತ್ತದೆ. ವಿಷವು ಕಹಿಯಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲವಷ್ಟೆ! ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವಾಗ ಶುದ್ಧ ತವರದ ಬದಲು ಸೀಸ ಬೆರೆಸಿದ ತವರವನ್ನು ಬಳಸಿದರೆ, ಹುಣಿಸೆಹಣ್ಣಿನ ಸಾರಿನಲ್ಲಿಯೂ ಇದೇ ರಾಸಾಯನಿಕ ಕ್ರಿಯೆ ನಡೆಯುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಸೀಸವು ಗಾಳಿಯನ್ನೂ ಸೇರಿತು. ಎಂಜಿನ್ನುಗಳ ಬಡಿತವನ್ನು ತಗ್ಗಿಸಲೆಂದು 1923ರಿಂದ ಅಮೆರಿಕದಲ್ಲಿ ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸಿ ಮಾರಲಾಯಿತು. ಭೂಮಿಯ ವಯಸ್ಸನ್ನು ಅಳೆಯಲು ಹೊರಟ ಕ್ಲೇರ್ ಪ್ಯಾಟರ್‌ಸನ್ ಎಂಬ ವಿಜ್ಞಾನಿಯು ತನ್ನ ಪ್ರಯೋಗಶಾಲೆಯ ಧೂಳಿನಲ್ಲಿಯೂ ಸೀಸವಿರುವುದನ್ನು ಕಂಡು ಬೆರಗಾದನು. ಅದರ ಮೂಲವನ್ನು ಅರಸುತ್ತ ಹೋದ ಆತನು 1965ರಲ್ಲಿ ಈ ಮಾಲಿನ್ಯದ ವಿರುದ್ಧ ಬಹಿರಂಗವಾಗಿ ಬರೆದನು. 1999ರ ಫೆಬ್ರವರಿಯಲ್ಲಿ ಸೀಸವಿಷದ ನಿವಾರಣೆಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದು ಬೆಂಗಳೂರಿನಲ್ಲಿ ನೆರೆಯಿತು. 2000ದಲ್ಲಿ ಭಾರತದಾದ್ಯಂತ ವಾಹನಗಳಿಗೆ ಸೀಸರಹಿತ ಪೆಟ್ರೋಲು ಬಳಕೆಗೆ ಬಂದಿತು. ಲೋಕದಲ್ಲಿ ಕಡೆಯದಾಗಿ ಆಲ್ಜೀರಿಯ ದೇಶವು 2021ರಲ್ಲಿ ಸೀಸದ ಪೆಟ್ರೋಲನ್ನು ಕೈಬಿಟ್ಟಿತು. ಆದರೂ ಹಳೆಯ ಬ್ಯಾಟರಿಗಳನ್ನು ಒಡೆದು ಕರಗಿಸುವ ಕಡೆಗಳಲ್ಲಿ, ಗೋಡೆಯಿಂದ ಉದುರುವ ಹಳೆಯ ಬಣ್ಣದಲ್ಲಿ, ಹೊಳಪಿಗಾಗಿ ಸೀಸದ ಕ್ರೋಮೇಟನ್ನು ಬೆರೆಸಿದ ಅರಿಸಿನದಲ್ಲಿ ಅದು ಉಳಿದುಕೊಂಡಿದೆ.

ದೇಹವನ್ನು ಹೊಕ್ಕ ಸೀಸವು ಮಾಡುವುದೇನು? ಕಬ್ಬಿಣ ಅಥವಾ ತಾಮ್ರದಂತೆ ಅದು ಎಲೆಕ್ಟ್ರಾನುಗಳನ್ನು ಸುಲಭವಾಗಿ ಕೊಟ್ಟು ಪಡೆಯುವ ಲೋಹವಲ್ಲ. ಆದುದರಿಂದ ನೇರವಾಗಿ ಕಿಡಿ ಹೊತ್ತಿಸಲಾರದು. ಅದರ ದಾರಿ ಬೇರೆ. ಸೀಸಕ್ಕೆ ಗಂಧಕದ ಮೇಲೆ ಬಲವಾದ ಆಕರ್ಷಣೆಯಿದೆ. ಭೂಮಿಯಲ್ಲಿ ಅದರ ಮುಖ್ಯ ಅದುರು ಗಂಧಕದೊಡನೆ ಕೂಡಿದ ಗೆಲೀನವೇ ಆಗಿದೆ. ಅದೇ ಆಕರ್ಷಣೆಯಿಂದ ಅದು ಗ್ಲುಟಥಯೋನಿನ ಗಂಧಕಕ್ಕೆ ಅಂಟಿಕೊಂಡು ಕಾವಲುಗಾರನ ಕೈಕಟ್ಟುತ್ತದೆ.

ಎರಡನೆಯ ಪೆಟ್ಟು ರಕ್ತಕ್ಕೆ ಬೀಳುತ್ತದೆ. ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ನಿಗೆ ಬೇಕಾದ ಹೀಮ್ ಎಂಬ ವಸ್ತುವು ಹಲವು ಹಂತಗಳಲ್ಲಿ ಸಿದ್ಧವಾಗುತ್ತದೆ. ಅವುಗಳಲ್ಲಿ ಒಂದು ಹಂತವನ್ನು ನಡೆಸುವ ಕಿಣ್ವಕ್ಕೆ ಸತುವಿನ ಪರಮಾಣು ಅವಶ್ಯಕ. ಸೀಸವು ಸತುವನ್ನು ಹೊರದೂಡಿ ಆ ಪೀಠದಲ್ಲಿ ತಾನು ಕುಳಿತುಬಿಡುತ್ತದೆ. ಕಿಣ್ವವು ನಿಷ್ಕ್ರಿಯವಾಗುತ್ತದೆ, ಅರ್ಧಕ್ಕೆ ನಿಂತ ಕಚ್ಚಾವಸ್ತುವು ರಾಶಿಬೀಳುತ್ತದೆ. ಹೀಗೆ ಉಳಿದ ಅಮೈನೊಲೆವುಲಿನಿಕ್ ಆಮ್ಲವು ತಾನಾಗಿಯೇ ಆಮ್ಲಜನಕದೊಡನೆ ವರ್ತಿಸಿ ಹೊಸ ಕಿಡಿಗಳನ್ನು ಹುಟ್ಟಿಸುತ್ತದೆ. ಒಂದೆಡೆ ಬೆಂಕಿ ಬೆಳೆಯಿತು, ಮತ್ತೊಂದೆಡೆ ನೀರಿನ ಕೊಡ ಬರಿದಾಯಿತು. ರಕ್ತಕಣಗಳ ಪೊರೆ ದುರ್ಬಲವಾಗಿ ಅವು ಬೇಗ ಒಡೆಯುತ್ತವೆ, ರಕ್ತಹೀನತೆ ತಲೆದೋರುತ್ತದೆ.

ಎಲ್ಲಕ್ಕಿಂತ ಕಠೋರವಾದ ಪರಿಣಾಮವು ಎಳೆಯರ ಮಿದುಳಿನ ಮೇಲೆ ಆಗುತ್ತದೆ. ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ವಯಸ್ಕರ ಮಿದುಳು ಕೂಡ ದೇಹವು ಬಳಸುವ ಆಮ್ಲಜನಕದ ಸುಮಾರು ಶೇಕಡಾ 20 ಭಾಗವನ್ನು ತಾನೇ ಉಪಯೋಗಿಸುತ್ತದೆ. ಅದರಲ್ಲಿ ಕೊಬ್ಬೂ ಹೇರಳ. ಕಿಡಿಗಳಿಗೆ ಇದಕ್ಕಿಂತ ಒಳ್ಳೆಯ ಸೌದೆ ಬೇರೆಲ್ಲಿದೆ? ವಯಸ್ಕನ ಕರುಳು ತಾನು ಪಡೆದ ಸೀಸದಲ್ಲಿ ಸುಮಾರು ಶೇಕಡಾ 10ರಷ್ಟನ್ನು ಹೀರಿದರೆ, ಎಳೆಯ ಮಕ್ಕಳ ಕರುಳು ಶೇಕಡಾ 50ರವರೆಗೆ ಹೀರಬಲ್ಲದು. ಆಹಾರದಲ್ಲಿ ಕಬ್ಬಿಣ ಮತ್ತು ಕ್ಯಾಲ್ಸಿಯಂ ಕಡಮೆಯಾದಷ್ಟೂ ಈ ಹೀರಿಕೆ ಹೆಚ್ಚು. ಬಡವರ ಮನೆಯ ಮಗುವಿಗೆ ಅಪಾಯ ಇಮ್ಮಡಿಯಾಗುವುದು ಇದರಿಂದಲೇ. ರಾಗಿ ಉಣ್ಣುವವರ ಕ್ಯಾಲ್ಸಿಯಂ ಸಂಪತ್ತು ಈ ದೃಷ್ಟಿಯಿಂದಲೂ ಬೆಲೆಯುಳ್ಳದ್ದು.

ಸೀಸವು ಕ್ಯಾಲ್ಸಿಯಂನ ವೇಷದಲ್ಲಿ ಮೂಳೆಯನ್ನು ಸೇರಿ ದಶಕಗಳ ಕಾಲ ಅಡಗಿರಬಲ್ಲದು. ತಾಯಿಯ ಮೂಳೆಯಿಂದ ಹೊರಟು ಗರ್ಭಸ್ಥ ಶಿಶುವನ್ನೂ ಮುಟ್ಟಬಲ್ಲದು. ಗಂಧಕವುಳ್ಳ ಕೆಲವು ಔಷಧಗಳು ಸೀಸವನ್ನು ಹಿಡಿದು ಮೂತ್ರದೊಡನೆ ಹೊರಸಾಗಿಸುತ್ತವೆ. ತೀವ್ರ ವಿಷಪ್ರಾಶನದಲ್ಲಿ ಇವು ಜೀವವನ್ನು ಉಳಿಸುತ್ತವೆ. ಆದರೆ ಅಮೆರಿಕದಲ್ಲಿ 780 ಪುಟ್ಟ ಮಕ್ಕಳ ಮೇಲೆ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧವನ್ನು ಪಡೆದ ಮಕ್ಕಳ ರಕ್ತದಲ್ಲಿನ ಸೀಸವು ಇಳಿಯಿತಾದರೂ ಬುದ್ಧಿಪರೀಕ್ಷೆಗಳಲ್ಲಿ ಅವರು ಔಷಧ ಪಡೆಯದ ಮಕ್ಕಳಿಗಿಂತ ಮುಂದೆ ಬರಲಿಲ್ಲ.