ತಾತನೇ ಪರೀಕ್ಷಕ

ಪದ್ಮನಾಭನಗರದ ನಮ್ಮ ಮನೆಯ ಊಟದ ಮೇಜು ಈಗ ಪರೀಕ್ಷಾ ಕೊಠಡಿ. ಮೊಮ್ಮಗಳು ಐಇಎಲ್‌ಟಿಎಸ್‌ಗೆ ತಯಾರಾಗುತ್ತಿದ್ದಾಳೆ, ಪರೀಕ್ಷಕ ನಾನು.

ಓದಿಗೆ ಒಂದು ಗಂಟೆ, 40 ಪ್ರಶ್ನೆ. ಬರಹಕ್ಕೂ ಒಂದು ಗಂಟೆ; ಒಂದು ಉತ್ತರ ಕನಿಷ್ಠ 150 ಪದ, ಇನ್ನೊಂದು 250. ಇವೆರಡೂ ಅವಳಿಗೆ ಸಲೀಸು. ಆಲಿಸುವ ಧ್ವನಿಮುದ್ರಣ ಒಂದೇ ಸಲ ಕೇಳಿಸುತ್ತದೆ. ನಮ್ಮ ಬ್ಯಾಂಕ್ ಕೌಂಟರಿನಂತೆ ‘ಇನ್ನೊಮ್ಮೆ ಹೇಳಿ ಸ್ವಾಮಿ’ ಎನ್ನುವಂತಿಲ್ಲ!

ತೊಡಕಿದ್ದುದು ಮಾತಿನಲ್ಲಿ. 11ರಿಂದ 14 ನಿಮಿಷದ ಸಂದರ್ಶನದ ನಡುವೆ ವಿಷಯದ ಚೀಟಿ ಕೊಡುತ್ತಾರೆ. ಒಂದು ನಿಮಿಷ ಯೋಚನೆ, ಬಳಿಕ ಎರಡು ನಿಮಿಷದವರೆಗೆ ಮಾತು. ‘ಇಷ್ಟವಾದ ಸ್ಥಳ’ ಎಂದದ್ದಕ್ಕೆ ಬಾಯಿಪಾಠದ ಪ್ಯಾರಿಸ್ ಒಪ್ಪಿಸಿದಳು. 40 ಸೆಕೆಂಡಿಗೇ ಸರಕು ಮುಗಿಯಿತು. ಪ್ಯಾರಿಸ್ ಕಂಡವರ್ಯಾರು?

‘ಬಸವನಗುಡಿಯ ಕಡಲೆಕಾಯಿ ಪರಿಷೆ ಹೇಳು’ ಎಂದೆ. ತಡವರಿಸಿದಳು. ‘ಪರಿಷೆಗೆ ಏನನ್ನಲಿ?’ ಎಂದು ಕೇಳಿ, ತಾನೇ ‘ಫೇರ್’ ಅಂದುಕೊಂಡು ಮುಂದುವರಿದಳು. ರಾಶಿ, ಧೂಳು, ಬಸವನ ಗುಡಿಯ ಮೆಟ್ಟಿಲು. ‘ಮೈ ಗ್ರ್ಯಾಂಡ್‌ಮದರ್ ಟೇಕ್ಸ್ ಮಿ ಎವೆರಿ ಇಯರ್’ ಎಂದಳು. ಎರಡು ನಿಮಿಷ ದಾಟಿತ್ತು.

ಅವಳ ಅಜ್ಜಿ ಹೋಗಿ ಮೂರು ವರ್ಷ. ವ್ಯಾಕರಣಕ್ಕೂ ಅಂಕವಿದೆ, ‘ಟುಕ್’ ಎಂದು ತಿದ್ದಬೇಕಿತ್ತು. ಆ ಸಂಜೆ ನನ್ನಿಂದಾಗಲಿಲ್ಲ. ಮರುದಿನ ಕಾಫಿ ಕುಡಿಯುವಾಗ ತಿದ್ದಿದೆ.